ಯೋಗು ಕೈ ತೊಳೆಯದ ಮಧ್ಯಾಹ್ನ

ಇದನ್ನು ಹೇಳಲು ಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ತಿಮಿಂಗಿಲಗಳನ್ನು ತಿಳಿದವರು ಬೇರೆ ಇದ್ದಾರೆ, ಹಡಗುಗಳನ್ನು ತಿಳಿದವರೂ ಬೇರೆ. ನಾನು ಮಂಗಳೂರಿನಲ್ಲಿ ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಇಲ್ಲಿಗೆ ಬಂದು, ಮಗಳು ಸ್ವಲ್ಪ ದೊಡ್ಡವಳಾದ ಮೇಲೆ, ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗೆ ಹೋಗಿ ಕಡಲಜೀವಿಗಳ ಬಗ್ಗೆ ಎರಡು ಕೋರ್ಸು ಮಾಡಿದೆ. ಎರಡನೆಯದರಲ್ಲಿ ಬಿ ಗ್ರೇಡು ಬಂತು. ಇಷ್ಟೇ ಓದಿಕೊಂಡು ಇಂಥ ವಿಷಯಕ್ಕೆ ಕೈಹಾಕುವುದು ಸರಿಯೇ ಎಂದು ನನಗೇ ಅನುಮಾನ. ಆದರೆ ನಡೆದದ್ದು ಫ್ರೀಮಾಂಟಿನ ನಮ್ಮ ಮನೆಯ ಊಟದ ಮೇಜಿನಲ್ಲಿ. ಅಲ್ಲಿದ್ದ ನಾಲ್ವರಲ್ಲಿ ಬರೆಯುವ ಅಭ್ಯಾಸ ಇರುವುದು ನನಗೊಬ್ಬಳಿಗೇ. ತಪ್ಪಿದ್ದರೆ ತಿಳಿದವರು ತಿದ್ದಿಕೊಳ್ಳಲಿ.

ನನ್ನ ತಮ್ಮ ಯೋಗಾನಂದ ಕಂಟೇನರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್. ನಮಗೆ ಅವನು ಯೋಗು. ಏಷ್ಯಾದ ಬಂದರುಗಳಿಂದ ಸರಕು ತುಂಬಿಕೊಂಡು ಅವನ ಹಡಗು ವರ್ಷಕ್ಕೆ ನಾಲ್ಕೈದು ಸಲ ಗೋಲ್ಡನ್ ಗೇಟು ದಾಟಿ ನಮ್ಮ ಹತ್ತಿರದ ಓಕ್ಲ್ಯಾಂಡ್ ಬಂದರಿಗೆ ಬರುತ್ತದೆ. ಬಂದಾಗ ಒಂದು ಮಧ್ಯಾಹ್ನದ ಮಟ್ಟಿಗೆ ಅವನಿಗೆ ದಡಕ್ಕೆ ಇಳಿಯಲು ಸಿಗುತ್ತದೆ. ಆ ಮಧ್ಯಾಹ್ನ ನನ್ನದು. ಬಂದರಿನ ಗೇಟಿನಿಂದ ಕರೆದುಕೊಂಡು ಬಂದು, ಉಣ್ಣಿಸಿ, ಸಂಜೆಯೊಳಗೆ ವಾಪಸು ಬಿಡುತ್ತೇನೆ. ತವರಿನಿಂದ ನನ್ನ ಮನೆಗೆ ಬರುವವನು ಅವನೊಬ್ಬನೇ.

ನಾವು ಮಲ್ಪೆಯ ಮೊಗವೀರರು. ನಮ್ಮ ಮನೆಯಲ್ಲಿ ಅಮ್ಮ ನಡೆಸಿಕೊಂಡು ಬಂದ ಒಂದು ಕ್ರಮವಿತ್ತು: ಕಡಲಿಂದ ಬಂದವನನ್ನು ಅವನು ಉಂಡು ಕೈ ತೊಳೆಯುವವರೆಗೆ ಏನೂ ಕೇಳಬಾರದು. ಮೀನು ಸಿಕ್ಕಿತಾ, ಬಲೆ ಹರಿಯಿತಾ, ಜತೆಗೆ ಹೋದವರು ಎಲ್ಲಿ, ಒಂದನ್ನೂ ಕೇಳುವಂತಿಲ್ಲ. ಅಪ್ಪ ಬರಿಗೈಯಲ್ಲಿ ಬಂದ ದಿನ ನಾವಿಬ್ಬರೂ ಬಾಗಿಲ ಹತ್ತಿರ ತುಟಿ ಕಚ್ಚಿಕೊಂಡು, ಅವರು ಅಂಗಳಕ್ಕೆ ಹೋಗಿ ಕೈಗೆ ನೀರು ಹಾಕಿಕೊಳ್ಳುವುದನ್ನೇ ಕಾಯುತ್ತಿದ್ದೆವು. ಬೇರೆಯವರ ಮನೆಗಳಲ್ಲೂ ಹೀಗಿತ್ತೋ ಇಲ್ಲವೋ ನಾನು ಹೇಳಲಾರೆ. ನನ್ನ ಮನೆಯಲ್ಲಂತೂ ಇವತ್ತಿಗೂ ಇದೆ. ನನ್ನ ಮಗಳು ತನ್ವಿ ಕೂಡ ಇದನ್ನು ಪಾಲಿಸುತ್ತಾಳೆ. ಹದಿನಾರು ವರ್ಷದ ಅವಳು ಅಮ್ಮನ ಮಾತು ಕೇಳುವುದು ಇಂಥ ಒಂದೆರಡು ವಿಷಯಗಳಲ್ಲಿ ಮಾತ್ರ.

ಕಳೆದ ಮೇ ತಿಂಗಳಲ್ಲಿ ಪೆಸಿಫಿಕಾದ ಬೀಚಿಗೆ ಒಂದು ಬೂದು ತಿಮಿಂಗಿಲ ಸತ್ತು ಬಂದು ಬಿತ್ತು. ಹೀಗೆ ಬಂದಾಗ ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸುವ ಸ್ವಯಂಸೇವಕರ ಗುಂಪಿನಲ್ಲಿ ನಾನೂ ಇದ್ದೇನೆ. ದೊಡ್ಡ ಕೆಲಸವೇನಲ್ಲ. ಹತ್ತಿರ ಹೋಗಬೇಡಿ, ನಾಯಿ ಬಿಡಬೇಡಿ ಅನ್ನುತ್ತೇನೆ. ಪ್ರಶ್ನೆ ಕಷ್ಟದ್ದಾದರೆ ವಿಜ್ಞಾನಿಯ ಕಡೆ ಕೈ ತೋರಿಸುತ್ತೇನೆ. ಆ ದಿನ ವಿಜ್ಞಾನಿಗಳು ಅದನ್ನು ಕೊಯ್ದು ನೋಡಿದರು. ತಲೆಯ ಹಿಂದೆ ಬೆನ್ನುಮೂಳೆ ಮುರಿದಿತ್ತು, ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಹಾಗಿದ್ದರೆ ಪೆಟ್ಟು ಬಿದ್ದಾಗ ಅದು ಜೀವಂತ ಇತ್ತು ಎಂದು ಅರ್ಥವಂತೆ. ಯಾವುದೋ ದೊಡ್ಡ ಹಡಗು ಬಡಿದಿದೆ ಎಂದರು. ಯಾವ ಹಡಗು ಎಂದು ಒಬ್ಬ ಮುದುಕ ಕೇಳಿದ. ಅದನ್ನು ಹೇಳಲು ಆಗುವುದೇ ಇಲ್ಲ, ಆ ಎರಡು ದಿನ ಎಷ್ಟೋ ಹಡಗು ಒಳಗೆ ಬಂದಿವೆ, ಎಷ್ಟೋ ಹೊರಗೆ ಹೋಗಿವೆ ಎಂದರು ವಿಜ್ಞಾನಿ.

ಬಂದವುಗಳಲ್ಲಿ ಯೋಗುವಿನ ಹಡಗೂ ಒಂದು. ಬರ್ತ್, ಎಂದರೆ ಧಕ್ಕೆಯಲ್ಲಿ ನಿಲ್ಲುವ ಜಾಗ, ಖಾಲಿಯಿಲ್ಲದೆ ಅದು ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿತ್ತು. ಸೇತುವೆ ದಾಟಿ ಮನೆಗೆ ಬರುವಾಗ ನಾನು ಆ ಕಡೆ ನೋಡಲಿಲ್ಲ.

ತನ್ವಿಗೆ ವಿಷಯ ಹೇಳಬಾರದಿತ್ತೇನೋ. ಅವಳು ತಕ್ಷಣ, "ಅಮ್ಮ, ಯು ಹ್ಯಾವ್ ಟು ಆಸ್ಕ್ ಹಿಮ್," ಎಂದಳು.

"ಕೇಳಿ ಎಂತ ಮಾಡುದು? ಅವನು ಒಬ್ಬನೇ ಓಡಿಸುವ ಹಡಗಾ ಅದು?"

"ದೆನ್ ಐ ವಿಲ್ ಆಸ್ಕ್."

ನನಗೆ ಹೆದರಿಕೆಯಾದದ್ದು ಅಲ್ಲಿ. ಅವನ ಹಡಗೇ ಬಡಿದಿರಬಹುದು ಎಂಬುದು ಒಂದು ಹೆದರಿಕೆ. ಇನ್ನೊಂದನ್ನು ಬರೆಯಲು ನಾಚಿಕೆಯಾಗುತ್ತದೆ. ಕೇಳಿದರೆ ಅವನ ಮನಸ್ಸು ಮುರಿದು, ಮುಂದಿನ ಸಲ ಹಡಗು ಬಂದಾಗ ಫೋನು ಮಾಡದೆ ಕ್ಯಾಬಿನ್ನಿನಲ್ಲೇ ಮಲಗಿಬಿಟ್ಟರೆ? ಕೇಳದೆ ಬಿಟ್ಟರೆ, ಹಗ್ಗದ ಹತ್ತಿರ ನಿಂತು ನಾನು ಜನರಿಗೆ ಹೇಳುವ ಮಾತಿಗೆ ಏನು ಬೆಲೆ? ಎರಡೂ ಕಡೆ ತೂಗಿ ನೋಡಿ, ಕೊನೆಗೆ ತನ್ವಿಯಿಂದ ಒಂದು ಮಾತು ತೆಗೆದುಕೊಂಡೆ: ಮಾಮ ಕೈ ತೊಳೆಯುವವರೆಗೆ ಬಾಯಿ ಬಿಡಬಾರದು.

"ಫೈನ್," ಎಂದಳು. "ಬಟ್ ಆಫ್ಟರ್ ದಟ್, ನೋ ರೂಲ್ಸ್."

ಶನಿವಾರ ಯೋಗು ಫೋನು ಮಾಡಿದ. "ಅಕ್ಕಾ, ಬಂಗುಡೆ ಉಂಟಾ? ಇಲ್ಲದಿದ್ರೆ ಈಗಲೇ ಹೇಳು, ನಾನು ಇಲ್ಲೇ ಮಲಗ್ತೇನೆ."

"ಉಂಟು ಮಾರಾಯ. ಬಾ."

ಗೇಟಿನ ಹತ್ತಿರ ಅವನು ಯಾವಾಗಿನ ಹಾಗೆಯೇ ನಿಂತಿದ್ದ, ಒಂದು ಕೈಯಲ್ಲಿ ತನ್ವಿಗೆ ಚಾಕಲೇಟು, ಇನ್ನೊಂದರಲ್ಲಿ ಹೋದ ಸಲ ನಾನು ಊಟ ಕಟ್ಟಿಕೊಟ್ಟ ಸ್ಟೀಲಿನ ಕ್ಯಾರಿಯರ್. ಸ್ವಲ್ಪ ಸೊರಗಿದಂತೆ ಕಂಡ. ಫ್ರೀವೇ ಉದ್ದಕ್ಕೂ ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದೆವು.

ಮನೆಯಲ್ಲಿ ನನ್ನ ಗಂಡ ಕೇದಾರ ಮೇಜು ಒರೆಸಿ ತಟ್ಟೆ ಇಟ್ಟಿದ್ದರು. ಅವರು ಹುಬ್ಬಳ್ಳಿಯವರು, ಎಮರಿವಿಲ್ಲಿನ ಒಂದು ಆಫೀಸಿನಲ್ಲಿ ಕೆಲಸ. ಮೀನು ಮುಟ್ಟುವವರಲ್ಲ. ನಾನು ಮೀನು ಮಾಡುವ ದಿನ ಮೇಜಿನ ಆ ತುದಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ ಇಟ್ಟುಕೊಂಡು ಕೂರುತ್ತಾರೆ. ಕಿಟಕಿ ತೆರೆದಿರಬೇಕು ಎಂಬುದಷ್ಟೇ ಅವರ ಷರತ್ತು.

"ಬಾರಪಾ ಯೋಗಾ," ಎಂದರು. "ನಿನ್ನ ಅಕ್ಕ ಮುಂಜಾನಿಂದ ಮನಿ ತುಂಬ ಮಲ್ಪೆ ಮಾಡಿಟ್ಟಾಳ."

ಯೋಗು ಕೂತ. ನಾನು ಕುಚ್ಚಲಕ್ಕಿ ಅನ್ನ, ಬಂಗುಡೆಯ ಹುಳಿಖಾರದ ಗಸಿ ಪುಳಿಮುಂಚಿ, ಮರುವಾಯಿ ಎಂಬ ಚಿಪ್ಪುಮೀನಿನ ಸುಕ್ಕ ಬಡಿಸಿದೆ. ತನ್ವಿ ಎದುರಿಗೆ ಕೂತು ಅವನ ಬಲಗೈಯನ್ನೇ ನೋಡುತ್ತಿದ್ದಳು.

ನಮ್ಮ ಮೇಜಿನಲ್ಲಿ ಒಂದು ಹಳೆಯ ಜಗಳವಿದೆ, ಅದನ್ನು ಇಲ್ಲಿ ಹೇಳಬೇಕು. ಹಿಂದೆ ಯೋಗು ಬೇರೆ ಹಡಗಿನಲ್ಲಿದ್ದಾಗ ನಾರ್ವೆಯ ಒಂದು ಬಂದರಿನಲ್ಲಿ ತಿಮಿಂಗಿಲದ ಮಾಂಸ ತಿಂದಿದ್ದ. ತಿಂದದ್ದಲ್ಲದೆ ಫೋಟೊ ತೆಗೆದು ಕಳಿಸಿದ್ದ. ಹತ್ತು ವರ್ಷದವಳಾಗಿದ್ದ ತನ್ವಿ ಅತ್ತು, ಬಹಳ ದಿನ ಅವನ ಜತೆ ಮಾತು ಬಿಟ್ಟಿದ್ದಳು. ಅಂದಿನಿಂದ ಅವನು ಅವಳಿಗೆ ವೇಲ್ ಮಾಮ, ತಿಮಿಂಗಿಲ ಮಾಮ. ಅವನು ಬಂದಾಗಲೆಲ್ಲ ಬೇಟೆ ಸರಿಯೋ ತಪ್ಪೋ ಎಂದು ಇಬ್ಬರೂ ಜಗಳವಾಡುತ್ತಾರೆ. ನನಗೆ ಅನಿಸುವುದು, ಇಬ್ಬರಿಗೂ ಅದು ಹಬ್ಬದ ಹಾಗೆ.

"ಸೋ, ವೇಲ್ ಮಾಮ," ಎಂದಳು ತನ್ವಿ, "ಹೂ ಡಿಡ್ ಯು ಈಟ್ ದಿಸ್ ಟೈಮ್?"

"ಈ ಸಲ ಯಾರೂ ಸಿಕ್ಕಿಲ್ಲ. ನಿನ್ನನ್ನೇ ತಿನ್ನುವಾ ಅಂತ ಬಂದೆ."

"ಇಟ್ ಶುಡ್ ಬಿ ಬ್ಯಾನ್ಡ್ ಎವ್ರಿವೇರ್."

"ನೀನು ಬ್ಯಾನ್ ಬ್ಯಾನ್ ಅಂತಿ. ಇಲ್ಲೇ ಹತ್ತಿರ ನಿಮ್ಮ ಈ ರಿಚ್‌ಮಂಡಲ್ಲೇ ತಿಮಿಂಗಿಲ ಕಡಿದು ನಾಯಿಗೆ, ಬೆಕ್ಕಿಗೆ ಡಬ್ಬಿಯಲ್ಲಿ ಹಾಕಿ ಮಾರ್ತಿದ್ರು, ಗೊತ್ತುಂಟಾ? ನಿನ್ನ ಅಪ್ಪ ಹುಟ್ಟುವ ಸ್ವಲ್ಪ ಮೊದಲಿನವರೆಗೂ."

"ಆ್ಯಂಡ್ ದೇ ಸ್ಟಾಪ್ಡ್."

"ನಿಲ್ಲಿಸಿದ್ದು ಒಳ್ಳೇದೇ, ಅಲ್ಲ ಅಂದೆನಾ? ಆದ್ರೆ ನಾರ್ವೆಯವರು ಹೊಡೆಯುದು ಬೇರೆ ಜಾತಿ, ಸಣ್ಣದು. ಅವರಿಗೆ ವರ್ಷಕ್ಕೆ ಇಷ್ಟೇ ಅಂತ ಲೆಕ್ಕ ಉಂಟು. ಹೊಡೆದವನು ಅದನ್ನು ನೋಡಿ ಹೊಡೀತಾನೆ, ಆಮೇಲೆ..."

ಅಲ್ಲಿಗೆ ನಿಂತ. ಪ್ರತಿಸಲ ಈ ವಾದವನ್ನು ಅವನು ಮೇಜು ಕುಟ್ಟಿ ಮುಗಿಸುವವನು. ಈ ಸಲ ತಟ್ಟೆ ನೋಡಿ, "ಅಕ್ಕ, ಸ್ವಲ್ಪ ಅನ್ನ ಹಾಕು," ಎಂದ.

"ನನಗ ಬಂಗುಡಿನೂ ಅಷ್ಟ, ತಿಮಿಂಗಿಲಾನೂ ಅಷ್ಟ," ಎಂದರು ಕೇದಾರ, ರೊಟ್ಟಿ ಮುರಿಯುತ್ತ. "ಎರಡೂ ಜೀವಾನ. ನಿಮ್ಮ ಜಗಳದಾಗ ನಾ ಇಲ್ಲ."

ಅನ್ನ ಹಾಕಿದೆ. ಉಂಡ. ಇನ್ನೊಂದು ಮೀನು ಕೇಳಿದ. ಅದನ್ನೂ ಉಂಡು, ನೀರುದೋಸೆ ಉಂಟಾ ಎಂದ. ಇರಲಿಲ್ಲ, ಹಿಟ್ಟು ಇತ್ತು. ಎದ್ದು ನಾಲ್ಕು ದೋಸೆ ಹೊಯ್ದು ತಂದೆ. ಅವನ್ನೂ ತಿಂದ.

"ಏನಪಾ," ಎಂದರು ಕೇದಾರ, "ಹಡಗಿನ್ಯಾಗ ನಿನಗ ಊಟ ಬಂದ್ ಮಾಡ್ಯಾರೇನು?"

"ಅಡುಗೆಯವ ಹೊಸಬ ಭಾವ. ಸಾರಿಗೂ ಸಕ್ಕರೆ ಹಾಕ್ತಾನೆ."

ಉಂಡಾದ ಮೇಲೂ ಏಳಲಿಲ್ಲ. ಸಾಧಾರಣವಾಗಿ ಅವನು ಕೊನೆಯ ತುತ್ತು ಬಾಯಿಗಿಡುತ್ತಲೇ ಸಿಂಕಿಗೆ ಹೋಗಿ, ಕೈ ತೊಳೆದು, ಸೋಫಾದಲ್ಲಿ ಕಾಲು ಚಾಚಿ ಚಹಾ ಎನ್ನುವವನು. ಅವತ್ತು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡೇ ಅಡುಗೆಯವನ ಕಥೆ ಹೇಳಿದ. ನಡುಗಡಲಿನಲ್ಲಿ ಸಿಕ್ಕ ಗಾಳಿಯ ಕಥೆ ಹೇಳಿದ. ಅದೂ ಮುಗಿದಾಗ, ಭಾವನ ಆಫೀಸಿನ ಲಿಫ್ಟು ರಿಪೇರಿಯಾಯಿತೇ ಎಂದು ವಿಚಾರಿಸಿದ. ಬೆರಳುಗಳ ಮೇಲೆ ಪುಳಿಮುಂಚಿ ಒಣಗಿ ಬಿರುಕು ಬಿಡುತ್ತಿತ್ತು. ಕೈ ಒಣಗಿಸಬೇಡ ಎಂದು ಅಮ್ಮ ಅವನ ಮೊಣಕೈಗೆ ಹೊಡೆಯುತ್ತಿದ್ದ ಕ್ರಮ ನೆನಪಾಯಿತು. ಆಗ ನನಗೆ ಹೊಳೆಯಿತು: ಇವನಿಗೆ ಗೊತ್ತಿದೆ. ಬೀಚಿನಲ್ಲಿ ಬಿದ್ದದ್ದು ಗೊತ್ತಿದೆ, ನಾನು ಅಲ್ಲಿಗೆ ಹೋಗಿರುತ್ತೇನೆ ಎಂದೂ ಗೊತ್ತಿದೆ. ಕೈ ತೊಳೆದರೆ ನಾವು ಕೇಳುತ್ತೇವೆ ಎಂದು ಏಳುತ್ತಿಲ್ಲ.

ಅಕ್ಕನಾಗಿ ನಾನು ಏನು ಮಾಡಬೇಕಿತ್ತೋ ತಿಳಿಯದು. ಮಾಡಿದ್ದು ಇದು: ಒಳಗೆ ಹೋಗಿ, ಯಾರೂ ಕೇಳದಿದ್ದರೂ, ಹೆಸರುಬೇಳೆ ಪಾಯಸಕ್ಕೆ ಇಟ್ಟೆ.

ತನ್ವಿ ನನ್ನ ಹಿಂದೆಯೇ ಬಂದಳು. "ಅಮ್ಮ. ನೀನು ಅವನಿಗೆ ಹೆಲ್ಪ್ ಮಾಡ್ತಿದ್ದಿ."

ಅವಳು ಕನ್ನಡಕ್ಕೆ ಇಳಿದಳೆಂದರೆ ವಿಷಯ ಗಂಭೀರ. ಬೆಲ್ಲ ಹುಡುಕುವಂತೆ ಮಾಡಿದೆ.

ಪಾಯಸವನ್ನೂ ಯೋಗು ಅದೇ ಒಣಗಿದ ಕೈಯಲ್ಲಿ ಚಮಚ ಹಿಡಿದು ಕುಡಿದ. ಇನ್ನೊಂದು ಲೋಟ ಎಂದ, ತಂದಿಟ್ಟೆ. ತನ್ವಿ ಎದ್ದು ಹೋದಳು. ಸಿಟ್ಟಿನಲ್ಲಿ ಕೋಣೆಗೆ ಹೋದಳೆಂದುಕೊಂಡೆ. ಆದರೆ ಒಂದು ಅಗಲದ ಪಾತ್ರೆ, ಚೊಂಬಿನಲ್ಲಿ ಬೆಚ್ಚನೆಯ ನೀರು, ಹೆಗಲ ಮೇಲೆ ಟವೆಲ್ಲು ಹಿಡಿದು ಬಂದಳು. ಊರಿನಲ್ಲಿ ಹಾಸಿಗೆ ಹಿಡಿದ ತನ್ನ ಅಜ್ಜನಿಗೆ ನಾನು ಹಾಗೆ ಕೈ ತೊಳೆಸುವುದನ್ನು ಅವಳು ಒಮ್ಮೆ ನೋಡಿದ್ದಳು. ಪಾತ್ರೆಯನ್ನು ಅವನ ತಟ್ಟೆಯ ಪಕ್ಕ ಇಟ್ಟು, ಚೊಂಬು ಬಗ್ಗಿಸಿ ಹಿಡಿದು, ತಣ್ಣಗೆ, "ಕೈ ಕೊಡು ಮಾಮ," ಎಂದಳು.

ಕೇದಾರರಿಗೆ ನಗು ತಡೆಯಲಾಗಲಿಲ್ಲ. ಯೋಗುವೂ ನಕ್ಕ. ನಗುತ್ತಲೇ ಕೈ ಒಡ್ಡಿದ. ಅವಳು ನೀರು ಹಾಕಿದಳು. ಅವನು ಬೆರಳು ಬೆರಳನ್ನೂ ತಿಕ್ಕಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದ.

"ನೀನು ಕೇಳಬೇಡ ತನ್ವಿ," ಎಂದ ಆಮೇಲೆ. "ಅಕ್ಕ ಕೇಳಲಿ."

ನಾನು ಕೇಳಿದ್ದು, "ಚಹಾ ಇಡಲಾ?"

"ಅಕ್ಕಾ."

"ಮತ್ತೆ ಎಂತ ಕೇಳಬೇಕು ನಾನು?" ಎಂದೆ. "ಹೇಳುದಿದ್ರೆ ನೀನೇ ಹೇಳು."

ಟವೆಲ್ಲನ್ನು ಮಡಿಸುತ್ತ ಹೇಳಿದ. "ಬಂದರಿನವರು ಬಂದು ಎಲ್ಲ ಹಡಗಿನ ಮೂತಿ ನೋಡಿ ಹೋದ್ರು. ನಮ್ಮದೂ ನೋಡಿದ್ರು. ಏನೂ ಇಲ್ಲ. ಇದ್ರೂ ಕಾಣುದಿಲ್ಲ, ಅಷ್ಟು ಗೀರು ಉಂಟು ಅದರಲ್ಲಿ. ಬರುವಾಗ ಮೇಲೆ ಹಡಗು ನಡೆಸುವ ಬ್ರಿಜ್ಜಲ್ಲಿ ಕಾವಲಿನ ವಾಚ್ ನಂದೇ. ಬಂದರಿಗೆ ದಾರಿ ತೋರಿಸುವ ಪೈಲಟ್ ಹಡಗು ಹತ್ತುವ ಜಾಗದವರೆಗೆ. ಬಿಸಿಲಿತ್ತು, ನೀರು ಪೂರಾ ಮಿಂಚ್ತಿತ್ತು. ನಾನು ನೋಡ್ತಲೇ ಇದ್ದೆ ಅಕ್ಕ, ದೇವರಾಣೆ. ತಿಮಿಂಗಿಲದ ಉಸಿರಿನ ಒಂದು ಚಿಲುಮೆಯೂ ಕಾಣ್ಲಿಲ್ಲ."

"ಎಷ್ಟು ಸ್ಪೀಡಲ್ಲಿ?" ಎಂದಳು ತನ್ವಿ.

ಗೋಲ್ಡನ್ ಗೇಟಿನ ಹೊರಗೆ ತಿಮಿಂಗಿಲಗಳ ಕಾಲದಲ್ಲಿ ಹತ್ತು ನಾಟ್, ಎಂದರೆ ಗಂಟೆಗೆ ಸುಮಾರು ಹದಿನೆಂಟು ಕಿಲೋಮೀಟರಿಗಿಂತ ಹೆಚ್ಚು ವೇಗ ಬೇಡ ಎಂದು ದೊಡ್ಡ ಹಡಗುಗಳಿಗೆ ಕೇಳಿಕೊಳ್ಳುತ್ತಾರೆ. ಆಜ್ಞೆಯಲ್ಲ, ಕೋರಿಕೆ. ನಾನೇ ಅವಳಿಗೆ ಹೇಳಿಕೊಟ್ಟದ್ದು.

"ಹದಿನಾಲ್ಕು," ಎಂದ ಯೋಗು. "ಬರ್ತ್ ತಪ್ಪುತ್ತದೆ ಅಂತ ಕ್ಯಾಪ್ಟನಿಗೆ ಅವಸರ. ಹತ್ತರ ಕಾಗದ ನನ್ನ ಎದುರೇ ಅಂಟಿಸಿಟ್ಟದ್ದು. ನಾನು ಬಾಯಿ ಬಿಡ್ಲಿಲ್ಲ. ಬರುವ ವರ್ಷ ನನ್ನನ್ನು ಚೀಫ್ ಆಫೀಸರ್ ಮಾಡ್ಬೇಕಾದ್ರೆ ಅವರದ್ದೇ ರಿಪೋರ್ಟು ಬೇಕು." ಸ್ವಲ್ಪ ತಡೆದು, "ಹಾಗೆ ಓಡಿ ಬಂದು ಮೂರು ದಿನ ಲಂಗರು ಹಾಕಿ ಕೂತೆವು," ಎಂದ.

ನಾನು ಕೈ ತೊಳೆದ ನೀರಿನ ಪಾತ್ರೆಯನ್ನು ಬದಿಗೆ ಸರಿಸಿದೆ.

"ಬಡಿದಿದ್ರೆ ಗೊತ್ತಾಗುದಿಲ್ವಾ?" ಎಂದೆ.

"ಇಲ್ಲ ಅಕ್ಕ. ನಿನ್ನ ಕಾರು ಒಂದು ಎಲೆಯ ಮೇಲೆ ಹೋದ್ರೆ ನಿನಗೆ ಗೊತ್ತಾಗ್ತದಾ? ಅಷ್ಟೇ. ನಾರ್ವೆಯವನಿಗಾದ್ರೆ ಗೊತ್ತುಂಟು, ನಾನು ಇದನ್ನು ಕೊಂದೆ ಅಂತ. ನಾನು ಆ ದಿನ ಇಳಿದು ಹೋಗಿ ಇಡ್ಲಿ ಪ್ಯಾಕೆಟ್ ಬಿಸಿ ಮಾಡಿ ತಿಂದೆ." ತನ್ವಿಯ ಕಡೆ ನೋಡಿದ. "ಈಗ ಬೈ. ಇಷ್ಟು ವರ್ಷ ಸುಮ್ಮನೆ ಬೈದಿ."

ತನ್ವಿ ಬೈಯಲಿಲ್ಲ. ಚೊಂಬನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಇಷ್ಟು ದಿನ ವಾದಕ್ಕೆ ಸಿದ್ಧಮಾಡಿಕೊಂಡದ್ದೆಲ್ಲ ನೋಡಿ ಕೊಲ್ಲುವವರ ವಿರುದ್ಧ; ನೋಡದೆ ಕೊಲ್ಲುವವರಿಗೆ ಏನು ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ ಅನಿಸುತ್ತದೆ.

ಕೇದಾರ ತಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸಿದರು. "ಹಂಗಾದ್ರ ನಾನೂ ಅದರಾಗ ಅದೀನಿ," ಎಂದರು. "ಈ ಜೋಳದ ಹಿಟ್ಟು ಏನು ನಡಕೊಂತ ಬಂದಿತ್ತೇನು ಇಲ್ಲಿಗೆ? ಇಷ್ಟು ದಿನಾ ನಾ ಭಾಳ ಶುದ್ಧ ಅಂತ ಈ ತುದ್ಯಾಗ ಕೂತಿದ್ದೆ."

"ನೀವು ಸುಮ್ಮನಿರಿ ಭಾವ," ಎಂದ ಯೋಗು, ಆದರೆ ಅವನ ಮುಖ ಸ್ವಲ್ಪ ಸಡಿಲಾಯಿತು. ಆಮೇಲೆ ನನ್ನನ್ನು ಕೇಳಿದ, "ಹೇಗಿತ್ತು ಅದು?"

"ಹೆಣ್ಣು. ಸಪೂರ ಆಗಿತ್ತು. ಉತ್ತರಕ್ಕೆ ಹೋಗುವವು ಈಗೀಗ ಬರುವಾಗಲೇ ಹಸಿದಿರ್ತವೆ, ತಿನ್ನಲಿಕ್ಕೆ ಏನಾದ್ರೂ ಸಿಗ್ತದಾ ಅಂತ ಈ ಕಡೆ ನುಗ್ತವೆ ಅಂದ್ರು. ಹೊಟ್ಟೆ ಖಾಲಿ ಇತ್ತು."

ಅವನು ತನ್ನ ಮುಂದಿದ್ದ ಎರಡು ಪಾಯಸದ ಲೋಟಗಳನ್ನು ನೋಡಿದ. "ಹಸಿದು ಬಂದದ್ದು," ಎಂದಷ್ಟೇ ಹೇಳಿ ಎದ್ದು ತಟ್ಟೆ ತೊಳೆಯಲು ಹೋದ. ನಾನು ಬೇಡ ಎನ್ನಲಿಲ್ಲ.

ಓಕ್ಲ್ಯಾಂಡಿಗೆ ವಾಪಸು ಬಿಡುವಾಗ ಕಾರಿನಲ್ಲಿ ನಾವಿಬ್ಬರೇ. ತುಳುವಿನಲ್ಲಿ ಆಡಿದ ಮಾತು, ಕನ್ನಡದಲ್ಲಿ ಬರೆಯುತ್ತಿದ್ದೇನೆ. ಗೇಟು ಹತ್ತಿರವಾಗುತ್ತ ಬಂದಾಗ ಕೇಳಿಯೇಬಿಟ್ಟೆ.

"ನಾಳೆ ಹೋಗುವಾಗ ನಿನ್ನ ಕ್ಯಾಪ್ಟನಿಗೆ ಹೇಳ್ತೀಯಾ? ಹತ್ತರಲ್ಲಿ ಹೋಗುವಾ ಅಂತ."

"ಹೇಳಿದ್ರೆ ನನ್ನ ಪ್ರಮೋಷನ್ನು ಇನ್ನೊಂದು ವರ್ಷ ಮುಂದೆ ಹೋಗ್ತದೆ."

"ಹೋಗ್ಲಿ."

"ನಿನಗೆ ಹೇಳುದು ಸುಲಭ ಅಕ್ಕ. ದಡದಲ್ಲಿ ನಿಂತವಳು."

"ಹೌದು," ಎಂದೆ. "ಸುಲಭವೇ."

ನಾನು ಇನ್ನೂ ಏನಾದರೂ ವಾದ ಹೂಡುತ್ತೇನೆ ಎಂದು ಕಾದನೇನೋ. ಹೂಡಲಿಲ್ಲ. ಅವನ ಮಾತು ನಿಜವಾಗಿತ್ತು. ಇಳಿಯುವಾಗ ಅವನು ಕ್ಯಾರಿಯರನ್ನು ಎತ್ತಿಕೊಂಡು, ಭಾರ ನೋಡಿ, "ಎಂತ ಹಾಕಿದ್ದಿ ಇದರಲ್ಲಿ, ಕಲ್ಲಾ?" ಎಂದ. ಆಮೇಲೆ ನನ್ನ ತಲೆಯನ್ನು ಒಂದು ಸಲ ಒತ್ತಿದ, ಅವನೇ ಅಣ್ಣ ಎಂಬಂತೆ. ಬೆನ್ನು ಹಾಕಿ ಹೋದ.

ಮಾರನೆಯ ಬೆಳಿಗ್ಗೆ ತನ್ವಿ ಫೋನು ಹಿಡಿದು ಅಡುಗೆಮನೆಗೆ ಬಂದಳು. ಕಡಲಲ್ಲಿರುವ ಹಡಗುಗಳೆಲ್ಲ ಎಲ್ಲಿವೆ, ಎಷ್ಟು ವೇಗದಲ್ಲಿವೆ ಎಂದು ತೋರಿಸುವ ನಕ್ಷೆ ಸಿಗುತ್ತದಂತೆ. ನನಗೆ ಅದುವರೆಗೆ ತಿಳಿದಿರಲಿಲ್ಲ. ಹಸಿರು ಬಾಣದಂಥ ಒಂದು ಗುರುತು ಗೋಲ್ಡನ್ ಗೇಟು ದಾಟಿ ಹೊರಗೆ ಹೋಗುತ್ತಿತ್ತು. ಪೈಲಟ್ ಇಳಿಯುವ ಜಾಗವನ್ನು ದಾಟಿತು. ವೇಗ ಏರುತ್ತದೆ ಎಂದು ನಾನು ಒಲೆ ಆರಿಸಿ ಕಾದೆ. ಒಂಬತ್ತು ಚಿಲ್ಲರೆ ಎಂದು ತೋರಿಸಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದೆವು, ಆಗಲೂ ಒಂಬತ್ತು ಚಿಲ್ಲರೆ.

"ಹೀ ಟೋಲ್ಡ್ ದೆಮ್," ಎಂದಳು ತನ್ವಿ ಮೆಲ್ಲಗೆ.

ಕೇದಾರ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ಕಿಟಕಿಯ ಆಚೆ ಬೆಟ್ಟವೂ ಕಾಣದಷ್ಟು ಮಂಜಿತ್ತು. "ಇಂಥಾ ಮಂಜಿನ್ಯಾಗ ಎಲ್ಲಾ ಹಡಗೂ ನಿಧಾನನ ಹೊಂಟಿರತಾವ," ಎಂದರು. ನಕ್ಷೆಯಲ್ಲಿ ಹತ್ತಿರವಿದ್ದ ಇನ್ನೊಂದು ಹಡಗು ಒಂಬತ್ತರಲ್ಲಿತ್ತು, ಮತ್ತೊಂದು ಹದಿಮೂರರಲ್ಲಿತ್ತು. ಅದರಿಂದ ಏನೂ ತೀರ್ಮಾನವಾಗಲಿಲ್ಲ.

ಯೋಗುವಿಗೆ ಮೆಸೇಜು ಕಳಿಸಿದೆ: ಹೇಳಿದೆಯಾ? ಎರಡು ದಿನ ಬಿಟ್ಟು ಉತ್ತರ ಬಂತು: "ಪುಳಿಮುಂಚಿ ಕ್ಯಾಪ್ಟನೂ ತಿಂದರು. ಖಾರ ಹೆಚ್ಚಾಯಿತಂತೆ." ಆಮೇಲೆ ಫೋನು ಮಾಡಿದ, ಅಮ್ಮನ ಮಂಡಿಯ ಬಗ್ಗೆ ಮಾತಾಡಿದ, ತನ್ವಿಯ ಜತೆ ಬಹಳ ಹೊತ್ತು ಜಗಳವಾಡಿದ. ಆಗಸ್ಟಿನಲ್ಲಿ ಬರುತ್ತೇನೆ ಎಂದ. ಬಂದೂ ಹೋದ. ಅವನು ಚೀಫ್ ಆಫೀಸರ್ ಆಗುವುದು ಮುಂದಕ್ಕೆ ಹೋಗಿದೆ. ಕಾರಣ ಕಂಪನಿಯವರು ಅವನಿಗೂ ತಿಳಿಸಿಲ್ಲವಂತೆ.

ಅವನು ಆ ಬೆಳಿಗ್ಗೆ ಕ್ಯಾಪ್ಟನಿಗೆ ಹೇಳಿದನೋ, ಮಂಜಿಗೆ ಹೆದರಿ ಹಡಗೇ ನಿಧಾನವಾಯಿತೋ, ನನಗೆ ಗೊತ್ತಿಲ್ಲ. ಪೆಸಿಫಿಕಾಕ್ಕೆ ಬಂದು ಬಿದ್ದ ಆ ಹೆಣ್ಣು ತಿಮಿಂಗಿಲಕ್ಕೆ ಬಡಿದದ್ದು ಅವನ ಹಡಗೋ ಬೇರೆಯದೋ, ಅದೂ ಗೊತ್ತಿಲ್ಲ.